ವೇದಿಕೆಯ ಐರಿಷ್ ಕುಣಿತವೂ ಸಂಪ್ರದಾಯದ ಕುಣಿತವೇ? (ಪರ-ವಿರೋಧ)

1994ರ ಏಪ್ರಿಲ್ 30ರ ರಾತ್ರಿ, ಡಬ್ಲಿನ್ನಿನ ಪಾಯಿಂಟ್ ಥಿಯೇಟರಿನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ. ಹಾಡುಗಳು ಮುಗಿದು ಫಲಿತಾಂಶ ಬರುವವರೆಗಿನ ಬಿಡುವು ತುಂಬಿಸಲು ಏಳು ನಿಮಿಷದ ಒಂದು ಕುಣಿತವಿತ್ತು. ಬಿಲ್ ವ್ಹೀಲನ್ ಅವರ ಸಂಗೀತದ ಆ ತುಣುಕೇ ಬೆಳೆದು 1995ರ ಫೆಬ್ರವರಿಯಲ್ಲಿ ‘ರಿವರ್‌ಡ್ಯಾನ್ಸ್’ ಎಂಬ ಪೂರ್ಣ ಪ್ರದರ್ಶನವಾಯಿತು. ಮರುವರ್ಷ ‘ಲಾರ್ಡ್ ಆಫ್ ದ ಡ್ಯಾನ್ಸ್’ ಬಂತು. ಇವನ್ನೂ ಐರ್ಲೆಂಡಿನ ಸಂಪ್ರದಾಯದ ಕುಣಿತವೆಂದೇ ಎಣಿಸಬೇಕೇ ಎಂಬ ಜಗಳ ಆಗ ಶುರುವಾದದ್ದು ಇನ್ನೂ ನಿಂತಿಲ್ಲ.

ಪರ: ಕಾಲು ಅದೇ, ಹಲಗೆ ಬೇರೆ

ಕಾಲನ್ನು ನೋಡಿ. ನನಗೆ ಒಪ್ಪಿಸಿದ ಪಕ್ಷಕ್ಕೆ ಇರುವ ಗಟ್ಟಿ ಸಾಕ್ಷಿ ಅದೇ. ಗಟ್ಟಿ ಬೂಟಿನ ಕುಣಿತಕ್ಕೆಲ್ಲ ಬುನಾದಿ ಟ್ರೆಬಲ್ ಎಂಬ ಹೆಜ್ಜೆ. ಮೊಣಕಾಲಿನ ಕೆಳಗೆ ಸಡಿಲ ಬಿಟ್ಟ ಕಾಲನ್ನು ಮುಂದಕ್ಕೆ ಬೀಸಿದಾಗ ಬೂಟಿನ ಮೂತಿ ನೆಲವನ್ನು ಒಮ್ಮೆ ಸವರುತ್ತದೆ, ಹಿಂದಕ್ಕೆ ಎಳೆದುಕೊಂಡಾಗ ಇನ್ನೊಮ್ಮೆ. ಆಮೇಲೆ ಕಾಲು ಊರುತ್ತದೆ. ಹೊಸಬರು ತೊಡೆಯಿಂದ ಒದೆಯುತ್ತಾರೆ. ಆಗ ಎರಡು ಸದ್ದುಗಳು ಅಂಟಿಕೊಂಡು ಒಂದೇ ‘ಧಡ್’ ಎನ್ನುತ್ತದೆ. ಸದ್ದು ಬಿಡಿಬಿಡಿಯಾಗಿ ಬರಬೇಕಾದರೆ ತೊಡೆ ಸುಮ್ಮನಿರಬೇಕು, ಕಣಕಾಲು ಕೆಲಸ ಮಾಡಬೇಕು. ಊರೂರಿನ ಸ್ಪರ್ಧೆಗಳಿಗೆ ಫೆಶ್ ಎನ್ನುತ್ತಾರೆ. ಅಲ್ಲಿಯ ಟ್ರೆಬಲ್ಲೂ ಇದೇ, ದೊಡ್ಡ ವೇದಿಕೆಯ ಟ್ರೆಬಲ್ಲೂ ಇದೇ. ಗಾಳಿಯಲ್ಲಿ ಹಿಮ್ಮಡಿಗೆ ಹಿಮ್ಮಡಿ ತಾಕಿಸುವ ಕ್ಲಿಕ್, ಪಾದವನ್ನು ಎದುರು ಸೊಂಟದತ್ತ ಮಡಿಸಿ ತರುವ ಕಟ್, ಹೆಣೆದ ಕಣಕಾಲುಗಳನ್ನು ಪಕ್ಕದಿಂದ ಪಕ್ಕಕ್ಕೆ ತೂಗುವ ರಾಕ್, ಇವ್ಯಾವನ್ನೂ ವೇದಿಕೆಯವರು ಹೊಸದಾಗಿ ಹುಟ್ಟಿಸಲಿಲ್ಲ.

ತಾಳಗಳೂ ಅವೇ. (ಬಾರ್ ಎಂದರೆ ಇಲ್ಲಿ ತಾಳದ ಒಂದು ಆವರ್ತ.) ಜಿಗ್ ಅಂದರೆ ಒಂದು ಬಾರ್‌ಗೆ ಎರಡು ತಕಿಟ; ಸ್ಲಿಪ್ ಜಿಗ್‌ಗೆ ಮೂರು ತಕಿಟ (ಒಂಬತ್ತು ಮಾತ್ರೆ ಎಂದ ಕೂಡಲೇ ನಮ್ಮ ಸಂಕೀರ್ಣ ನಡೆ ನೆನಪಾದೀತು, ಅದಲ್ಲ; ಇದು ಅಚ್ಚುಕಟ್ಟಾದ ಮೂರು ಮೂರು ಮೂರು). ರೀಲ್ ಓಡುವ ತಕಧಿಮಿ. ಹಾರ್ನ್‌ಪೈಪ್ ಅದೇ ತಕಧಿಮಿ, ಆದರೆ ಒಂದು ಉದ್ದ ಒಂದು ಗಿಡ್ಡ ಎಂದು ಕುಂಟುತ್ತ ನಡೆಯುವಂಥದು. ವೇದಿಕೆಯ ಸಂಗೀತದಲ್ಲಿ ಬೇರೆ ಲೆಕ್ಕಾಚಾರಗಳೂ ಬರುತ್ತವೆ, ನಿಜ. ಕಾಲು ಅವನ್ನು ಹಿಡಿಯುವುದು ಈ ನಾಲ್ಕರ ಅಭ್ಯಾಸದಿಂದಲೇ.

ಆ ಕಾಲುಗಳು ಬಂದ ದಾರಿಯನ್ನೂ ನೋಡಬೇಕು. ಮೊದಲ ರಾತ್ರಿ ಮುಂದೆ ನಿಂತು ಕುಣಿದ ಮೈಕಲ್ ಫ್ಲ್ಯಾಟ್ಲಿ ಷಿಕಾಗೋದವರು. 1975ರಲ್ಲಿ ಐರಿಷ್ ನೃತ್ಯದ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಅಮೆರಿಕನ್. ಅವರು ಬಿಟ್ಟ ಜಾಗಕ್ಕೆ ಬಂದ ಕಾಲಿನ್ ಡನ್ ಬರ್ಮಿಂಗ್‌ಹ್ಯಾಮ್‌ನವರು, ಒಂಬತ್ತು ವಿಶ್ವ ಪ್ರಶಸ್ತಿ ಗೆದ್ದವರು. ಹಿಂದಿನ ಸಾಲಿನವರೂ ಐದಾರು ವರ್ಷದ ಮಕ್ಕಳಾಗಿದ್ದಾಗಿನಿಂದ ಫೆಶ್‌ಗಳಲ್ಲಿ ಬೆಳೆದವರೇ. 1994ಕ್ಕೆ ಮುಂಚೆ ಇಂಥವರು ಇಪ್ಪತ್ತು ದಾಟಿದರೆ ಶಿಕ್ಷಕರ ಪರೀಕ್ಷೆ ಕಟ್ಟಬೇಕಿತ್ತು, ಇಲ್ಲವೇ ಬೂಟನ್ನು ಮೊಳೆಗೆ ತೂಗುಹಾಕಬೇಕಿತ್ತು. ಕುಣಿದೇ ಸಂಬಳ ಪಡೆಯುವ ದಾರಿ ತೆರೆದದ್ದು ವೇದಿಕೆ.

ಇನ್ನು ಸಂಪ್ರದಾಯ. ಯಾವ ಕಾಲದ ಸಂಪ್ರದಾಯ? ಐರಿಷ್ ಭಾಷೆ ಉಳಿಸಲು 1893ರಲ್ಲಿ ಗೇಲಿಕ್ ಲೀಗ್ ಹುಟ್ಟಿತು. ಅದು ಏರ್ಪಡಿಸಿದ ಮೊದಲ ಕೇಲಿ, ಅಂದರೆ ಇವತ್ತು ನಾವು ಹಳೆಯದೆಂದು ಕೈಮುಗಿಯುವ ಸಾಮೂಹಿಕ ಕುಣಿತದ ಸಂಜೆ, ನಡೆದದ್ದು 1897ರ ಅಕ್ಟೋಬರ್ 30ರಂದು. ಐರ್ಲೆಂಡಿನಲ್ಲಲ್ಲ, ಲಂಡನ್ನಿನ ಬ್ಲೂಮ್ಸ್‌ಬರಿ ಹಾಲ್‌ನಲ್ಲಿ. ಆ ಸಂಜೆ ಸೆಟ್‌ಗಳು (ಜೋಡಿಗಳು ಚೌಕವಾಗಿ ನಿಂತು ಕುಣಿಯುವವು), ಕ್ವಾಡ್ರಿಲ್‌ಗಳು, ವಾಲ್ಟ್ಸ್‌ಗಳನ್ನು ಕುಣಿದರು. ಆಮೇಲೆ ಲಂಡನ್ನಿನಲ್ಲಿದ್ದ ಕೆರಿ ಸೀಮೆಯ ನೃತ್ಯದ ಮೇಷ್ಟ್ರು ಪ್ಯಾಟ್ರಿಕ್ ರೀಡಿ ಅವರಿಂದ ಗುಂಪು ಕುಣಿತಗಳನ್ನು ಕಲಿತು, ಅವನ್ನು ‘ನಮ್ಮವು’ ಎಂದು ಹರಡಿದರು. ಕ್ಲೇರ್, ಕೆರಿ ಹಳ್ಳಿಗರು ದಿನಾ ಕುಣಿಯುತ್ತಿದ್ದ ಸೆಟ್‌ಗಳನ್ನು ಪರದೇಶದವೆಂದು ಹೊರಗಿಟ್ಟರು. 1935ರ ಸಾರ್ವಜನಿಕ ನೃತ್ಯಶಾಲೆಗಳ ಕಾಯಿದೆ ಬಂದು, ಪರವಾನಗಿ ಇಲ್ಲದೆ ಕುಣಿಸುವಂತಿಲ್ಲ ಎಂದಾದ ಮೇಲೆ ಮನೆಯ ಅಡುಗೆಕೋಣೆಯಿಂದ ಕುಣಿತ ಚರ್ಚಿನ ಹಾಲ್ ಸೇರಿತು. ಮನೆ ಬಿಡಿಸಿದ್ದು ವೇದಿಕೆಯಲ್ಲ, ಇದನ್ನು ಎದುರು ಪಕ್ಷ ಮರೆಯಬಾರದು. 1980ರ ದಶಕದಲ್ಲಿ ಬೂಟಿನ ಮೂತಿಗೂ ಹಿಮ್ಮಡಿಗೂ ಫೈಬರ್‌ಗ್ಲಾಸ್ ಬಂತು; ಚರ್ಮಕ್ಕೆ ಮೊಳೆ ಬಡಿದುಕೊಂಡು ಕುಣಿಯುತ್ತಿದ್ದವರ ಸದ್ದೇ ಬೇರೆಯಾಯಿತು. ಸ್ಪರ್ಧೆಗಳನ್ನು ನಡೆಸುವ ನೃತ್ಯ ಆಯೋಗವೂ ನಿಯಮ ತಿದ್ದುತ್ತಲೇ ಇರುತ್ತದೆ. ಬೂಟಿನ ಮೂತಿಯ ಮೇಲೆ ನೆಟ್ಟಗೆ ನಿಲ್ಲುವುದನ್ನು 12ರೊಳಗಿನ ಮಕ್ಕಳಿಗೆ ಈಗ ಬಿಡುವುದಿಲ್ಲ. ಇಷ್ಟು ಸಲ ಬಣ್ಣ ಬದಲಿಸಿದ್ದಕ್ಕೆ ಸಂಪ್ರದಾಯವೆಂಬ ಹೆಸರು ಉಳಿದಿರುವಾಗ, 1994ರ ಬದಲಾವಣೆಗೆ ಮಾತ್ರ ಏಕೆ ಬಹಿಷ್ಕಾರ?

ಕೈಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಗಲಾಟೆಯೆಲ್ಲ ಅಲ್ಲೇ. ಸ್ಪರ್ಧೆಯ ಪಟ್ಟು ಹೀಗೆ: ತೋಳು ನೆಟ್ಟಗೆ ಕೆಳಗೆ, ಹಗುರ ಮುಷ್ಟಿ, ಹೆಬ್ಬೆರಳು ಮುಂದೆ, ಮೊಣಕೈ ತುಸು ಹಿಂದೆ, ಭುಜ ಇಳಿದಿರಬೇಕು. ಹಾರುವಾಗ ಭುಜ ಕಿವಿಯತ್ತ ಏರಿದರೆ, ಮೊಣಕೈ ರೆಕ್ಕೆಯಂತೆ ಬಡಿದರೆ ಅಂಕ ಹೋಯಿತು. ಫ್ಲ್ಯಾಟ್ಲಿ ತೋಳು ಬಿಚ್ಚಿ ಹಾರಿದಾಗ ಹಿರಿಯರು ಹೌಹಾರಿದರು. ಆದರೆ ಪಶ್ಚಿಮದ ಕಾನಮಾರಾ ಸೀಮೆಯ ಹಳೆಯ ಶಾನ್‌-ನೋಸ್ ಕುಣಿತದಲ್ಲಿ ತೋಳುಗಳು ಮೊದಲಿನಿಂದಲೂ ಸ್ವತಂತ್ರ. ಕಟ್ಟಿಹಾಕಿದ ಕೈಯೇ ಮೂಲ, ಬಿಚ್ಚಿದ ಕೈ ಬೆರಕೆ ಎನ್ನಲು ಆಧಾರವಿಲ್ಲ.

ಬಟ್ಟೆಯ ವಿಷಯದಲ್ಲಂತೂ ವೇದಿಕೆಯದೇ ಸರಳತೆ. ಫೆಶ್‌ಗೆ ಹೋಗುವ ಹುಡುಗಿಯ ತಲೆ ಮೇಲೆ ಗುಂಗುರು ವಿಗ್, ಮೈಮೇಲೆ ಕಸೂತಿ, ಮಿನುಗು ಕಲ್ಲು ತುಂಬಿದ ಗಡುಸು ಲಂಗ, ಕಾಲುಚೀಲ ಜಾರದಂತೆ ಅಂಟು. ಹೊಸ ಉಡುಪಿನ ಬೆಲೆ ಸಾವಿರ ಯೂರೊ ದಾಟುವುದು ಮಾಮೂಲು. ಆ ಏಳು ನಿಮಿಷದ ಸಾಲಿನವರು ತೊಟ್ಟದ್ದು ಸಾದಾ ಕಪ್ಪು ಗಿಡ್ಡ ಉಡುಪು. ಕಾಲು ಕಾಣಿಸಲಿ ಎಂದು.

ಟ್ರಲೀ ಊರಿನ ಶೀಮ್ಸಾ ಟೀರೆ ಎಂಬ ರಾಷ್ಟ್ರೀಯ ಜನಪದ ರಂಗಸಂಸ್ಥೆಯನ್ನೂ ಹೆಸರಿಸಿಬಿಡುತ್ತೇನೆ. ಉತ್ತರ ಕೆರಿಯಲ್ಲಿ ಜೆರ್ರಿ ಮಾಲಿನೋ ಎಂಬ ಮೇಷ್ಟ್ರು ಕಲಿಸಿದ ಹೆಜ್ಜೆಗಳು ಇವತ್ತಿಗೂ ಕುಣಿಯಲ್ಪಡುತ್ತಿವೆ ಎಂದರೆ ಅದರಲ್ಲಿ ಆ ರಂಗಮಂದಿರದ ಪಾಲು ದೊಡ್ಡದು. ಅದೂ ವೇದಿಕೆಯೇ ತಾನೇ?

ಒಂದು ಕಡೆ ನನ್ನ ಪಕ್ಷ ಕುಂಟುತ್ತದೆ, ಮುಚ್ಚಿಡುವುದಿಲ್ಲ. ದೊಡ್ಡ ಪ್ರದರ್ಶನಗಳಲ್ಲಿ ಬೂಟಿನ ಸದ್ದಿಗೆ ಮುಂಚೆಯೇ ಧ್ವನಿಮುದ್ರಿಸಿದ ಸದ್ದನ್ನು ಬೆರೆಸುವುದುಂಟು. ಕಾರಣ ಮೋಸವಲ್ಲ, ಗಣಿತ. ಸ್ಪರ್ಧೆಯ ವೇಗದ ರೀಲ್‌ನಲ್ಲಿ ನಿಮಿಷಕ್ಕೆ 113 ತಟ್ಟು. ತಟ್ಟಿಗೆ ನಾಲ್ಕು ಏಟೆಂದರೆ ಏಟಿಗೂ ಏಟಿಗೂ ನಡುವೆ ಸುಮಾರು 130 ಮಿಲಿಸೆಕೆಂಡು. ಹದಿನೈದು ಮೀಟರ್ ಅಗಲದ ವೇದಿಕೆಯ ಒಂದು ತುದಿಯ ಸದ್ದು ಇನ್ನೊಂದು ತುದಿ ಮುಟ್ಟಲು 40 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಅಂದರೆ ಪಕ್ಕದವರ ಸದ್ದು ಕೇಳಿ ಕುಣಿದರೆ ಸಾಲಿನ ಕೊನೆಯವರು ಏಟಿನ ಮೂರನೇ ಒಂದು ಭಾಗ ಹಿಂದೆ ಬೀಳುತ್ತಾರೆ. ಮೂವತ್ತು ಜನರ ಸದ್ದು ಆಲಿಕಲ್ಲು ಸುರಿದಂತಾಗುತ್ತದೆ. ಎಲ್ಲರ ಕಾಲಿಗೂ ಮೈಕು ಕಟ್ಟಿದರೆ ಜಾರುತ್ತದೆ, ನೆಲದ ಮೈಕು ಇಟ್ಟರೆ ವಾದ್ಯದ ಸದ್ದನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಬೆರಕೆ. ಇದನ್ನು ಸಮರ್ಥಿಸು ಎಂದರೆ ನಾನು ಅಷ್ಟು ಉತ್ಸಾಹದಿಂದ ಸಮರ್ಥಿಸಲಾರೆ. ಆದರೂ ಕಾಲು ಅದೇ.

ವಿರೋಧ: ಮುಖ ಎತ್ತ ತಿರುಗಿದೆ?

‘ವಾಲ್ಸ್ ಆಫ್ ಲಿಮರಿಕ್’ ಎಂಬ ಕೇಲಿ ಕುಣಿತವನ್ನು ತೆಗೆದುಕೊಳ್ಳೋಣ. ಕಲಿಯುವವರಿಗೆ ಮೊದಲು ಹೇಳಿಕೊಡುವುದು ಇದನ್ನೇ. ಒಂದು ಜೋಡಿಯ ಎದುರು ಇನ್ನೊಂದು ಜೋಡಿ ನಿಲ್ಲುತ್ತದೆ. ಹೀಗೆ ಹಾಲ್‌ನ ಉದ್ದಕ್ಕೂ ಎಷ್ಟು ಜೋಡಿಗಳಾದರೂ ಆಗಬಹುದು. ರೀಲ್ ಶುರುವಾದ ಕೂಡಲೇ ಕೈ ಹಿಡಿದು ಎದುರಿನವರತ್ತ ಮುಂದೆ, ಹಿಂದೆ, ಮತ್ತೆ ಮುಂದೆ, ಹಿಂದೆ. ಎಂಟು ಬಾರ್ ಮುಗಿಯಿತು. ಆಮೇಲೆ ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಲೇ ಪಕ್ಕ ಹೆಜ್ಜೆಯಲ್ಲಿ ಜಾಗ ಬದಲಿಸುತ್ತಾರೆ, ನಾಲ್ಕು ಬಾರ್. ಗಂಡಸರು ಹಾಗೆಯೇ, ಇನ್ನು ನಾಲ್ಕು. ಈಗ ಪ್ರತಿಯೊಬ್ಬರೂ ಎದುರು ಜೋಡಿಯವರ ಕೈ ಹಿಡಿದು ಪಕ್ಕಕ್ಕೆ ಹೋಗಿ ಬರುತ್ತಾರೆ, ಎಂಟು ಬಾರ್. ಕೊನೆಯ ಎಂಟರಲ್ಲಿ ತಂತಮ್ಮ ಜೊತೆಗಾರರೊಂದಿಗೆ ಗಿರಕಿ ಹೊಡೆದು, ಬೆನ್ನು ಹಿಂದಿದ್ದ ಹೊಸ ಜೋಡಿಯ ಎದುರು ಬಂದು ನಿಲ್ಲುತ್ತಾರೆ. ಒಟ್ಟು 32 ಬಾರ್, ಮತ್ತೆ ಮೊದಲಿನಿಂದ. ಅರ್ಧ ಗಂಟೆ ಬಿಟ್ಟರೆ ಹಾಲ್‌ನಲ್ಲಿದ್ದವರೆಲ್ಲರೂ ಎಲ್ಲರ ಮುಖವನ್ನೂ ನೋಡಿರುತ್ತಾರೆ.

ಈ ಕುಣಿತಕ್ಕೆ ‘ಮುಂಭಾಗ’ ಎಂಬುದೇ ಇಲ್ಲ. ನೋಡಲು ಬಂದವರು ಗೋಡೆಗೆ ಎಲ್ಲಿ ಒರಗಿ ನಿಂತರೂ ಅವರಿಗೆ ಯಾರದಾದರೂ ಬೆನ್ನು ಕಾಣುತ್ತದೆ. ಪಕ್ಕ ಹೆಜ್ಜೆಯ ಲೆಕ್ಕವೇ ಎದುರಿನವರಿಗಾಗಿ ಹುಟ್ಟಿದ್ದು. ಒಂದು ಹಾರಿಕೆ, ಆಮೇಲೆ ಏಳರ ಎಣಿಕೆ: ಮುಂದಿನ ಕಾಲು ಪಕ್ಕಕ್ಕೆ, ಹಿಂದಿನದು ಅದರ ಬೆನ್ನಿಗೆ, ಮತ್ತೆ ಮುಂದಿನದು, ಹೀಗೆ ಎರಡು ಬಾರ್. ಏಳು ಮುಗಿದ ಮೇಲೆ ನಿಂತ ಜಾಗದಲ್ಲೇ ‘ಮೂರು’ ಎಂಬ ಹೆಜ್ಜೆ ಎರಡು ಸಲ, ಇನ್ನೆರಡು ಬಾರ್. ಏಳರಲ್ಲಿ ದಾಪುಗಾಲು ಹಾಕಿದವರು ಜೊತೆಗಾರರನ್ನು ದಾಟಿ ಪಕ್ಕದ ಜೋಡಿಯ ನಡುವೆ ಹೋಗಿ ಬೀಳುತ್ತಾರೆ. ಗಿಡ್ಡ ಹೆಜ್ಜೆ ಹಾಕಿದವರು ಮೂರನ್ನು ನುಂಗಿ ಓಡಬೇಕಾಗುತ್ತದೆ. ಎಷ್ಟು ಅಗಲ ಹಾಕಬೇಕೆಂಬುದನ್ನು ಎದುರಿನವರ ಕಣ್ಣು, ಕೈಯ ಎಳೆತ ಹೇಳುತ್ತದೆ, ಪುಸ್ತಕ ಹೇಳುವುದಿಲ್ಲ.

ಈಗ ವೇದಿಕೆಯ ಸಾಲು ನೋಡಿ. ಮೂವತ್ತು ಜನ, ಭುಜಕ್ಕೆ ಭುಜ, ಎಲ್ಲರ ಮುಖವೂ ಕತ್ತಲಲ್ಲಿ ಕುಳಿತ ಟಿಕೆಟ್ಟಿನವರ ಕಡೆಗೆ. ಪಕ್ಕದವರು ಯಾರೆಂದು ಅವರಿಗೆ ನೋಡಲೂ ಆಗದು. ಇದೇ ನನ್ನ ಮೊದಲ ವಾದ, ಎರಡನೆಯದೂ ಇದೇ. ಮುಖ ತಿರುಗಿದ ಮೇಲೆ ಹೆಜ್ಜೆಯ ಕೆಲಸವೇ ಬದಲಾಗುತ್ತದೆ. ಎದುರಿನವರಿಗೆ ಜಾಗ ಬಿಟ್ಟುಕೊಡಲು ಇದ್ದ ಹೆಜ್ಜೆ, ಈಗ ಹದಿನೈದನೇ ಸಾಲಿನವರಿಗೆ ಕಾಣಿಸಲು ಇರುವ ಹೆಜ್ಜೆ.

ಕೇಲಿ ಬೇಡ, ಒಂಟಿ ಕುಣಿತವನ್ನೇ ಮಾತಾಡೋಣ ಎನ್ನುತ್ತೀರಾ? ಆಗಲಿ. ಒಂಟಿ ಕುಣಿತದಲ್ಲಿ ‘ಸ್ಟೆಪ್’ ಎಂದರೆ ಬಿಡಿ ಹೆಜ್ಜೆಯಲ್ಲ, ಎಂಟು ಬಾರ್‌ನ ಒಂದು ಪೂರ್ಣ ವಾಕ್ಯ. ಅದನ್ನು ಮೊದಲು ಬಲಗಾಲಿನಲ್ಲಿ ಶುರುಮಾಡಿ ಕುಣಿಯಬೇಕು, ಆಮೇಲೆ ಅದನ್ನೇ ಚೂರೂ ಬಿಡದೆ ಎಡಗಾಲಿನಲ್ಲಿ ಶುರುಮಾಡಿ ಕುಣಿಯಬೇಕು. ಎಡಗಡೆಯದೇ ಪರೀಕ್ಷೆ. ಬಲಗಾಲಿನಲ್ಲಿ ಎತ್ತರಕ್ಕೆ ಹಾರುವ ಕುಣಿತಗಾರ ಎಡಗಡೆ ಬಂದಾಗ ಪಾದ ಹೆಣೆಯುವುದನ್ನು ಮರೆತು ಮೊಣಕಾಲು ತೆರೆದುಕೊಂಡು ನಿಲ್ಲುತ್ತಾನೆ. ಪರಿಣತರ ಕಣ್ಣು ಅಲ್ಲೇ ಕಾಯುತ್ತಿರುತ್ತದೆ. ಗಟ್ಟಿ ಬೂಟಿನ ಹಳೆಯ ಸೆಟ್ ಕುಣಿತಗಳಿಗೆ (ಮೇಲೆ ಬಂದ ಜೋಡಿಗಳ ಸೆಟ್ ಅಲ್ಲ, ಒಂದೊಂದು ರಾಗಕ್ಕೇ ಕಟ್ಟಿದ ಒಂಟಿ ಕುಣಿತ) ಇನ್ನೂ ಒಂದು ಗಂಟು ಇದೆ. ‘ಸೇಂಟ್ ಪ್ಯಾಟ್ರಿಕ್ಸ್ ಡೇ’ ಎಂಬ ಜಿಗ್‌ನಲ್ಲಿ ಮೊದಲ ಭಾಗ ಎಂಟು ಬಾರ್, ಎರಡನೆಯದು ಹದಿನಾಲ್ಕು. ಹದಿನಾರಲ್ಲ, ಹದಿನಾಲ್ಕು. ಎಂಟೆಂಟರ ಅಭ್ಯಾಸದಲ್ಲಿ ಕಾಲು ಹದಿನೈದನೇ ಬಾರ್‌ಗೆ ಚಾಚಿದರೆ ರಾಗ ಆಗಲೇ ಮುಗಿದಿರುತ್ತದೆ. ರಾಗದ ವಕ್ರತೆಯನ್ನು ಕಾಲು ಒಪ್ಪಿಕೊಂಡು ನಡೆಯಬೇಕು.

ವೇದಿಕೆಯಲ್ಲಿ ಎಡಗಾಲಿನ ಮರುಕಳಿಕೆಯನ್ನು ಸಾಮಾನ್ಯವಾಗಿ ಕತ್ತರಿಸಿಬಿಡುತ್ತಾರೆ. ಮೂವತ್ತು ಜನರ ಸಾಲು ಎಂಟು ಬಾರ್ ಬಲಕ್ಕೆ ಸಾಗಿ, ಮತ್ತೆ ಎಂಟು ಬಾರ್ ಅದೇ ಮಾತನ್ನು ಎಡಕ್ಕೆ ಹೇಳಿದರೆ ಪ್ರೇಕ್ಷಕ ಆಕಳಿಸುತ್ತಾನೆ ಎಂಬ ಭಯ. ಅದರ ಬದಲು ಸಾಲು ಒಡೆಯಬೇಕು, ತ್ರಿಕೋನ ಆಗಬೇಕು, ಹಿಂದಿನವರು ಮುಂದೆ ಬರಬೇಕು. ಹಾಗಾಗಿ ಮೇಲಿನ ಬರಹದಲ್ಲಿ ಟ್ರೆಬಲ್, ಕ್ಲಿಕ್, ಕಟ್ ಎಂದು ಪಟ್ಟಿ ಕೊಟ್ಟವರಿಗೆ ನನ್ನ ಉತ್ತರ ಇಷ್ಟೇ: ಅಕ್ಷರ ಅವೇ ಇರಬಹುದು, ವಾಕ್ಯ ಉಳಿದಿಲ್ಲ.

ಇನ್ನು ಆ ‘ಎಲ್ಲವೂ ಬದಲಾಗುತ್ತಲೇ ಬಂದಿದೆ’ ಎಂಬ ವಾದ. 1897, ಬ್ಲೂಮ್ಸ್‌ಬರಿ, ವಾಲ್ಟ್ಸ್ ಇತ್ಯಾದಿ. ಈ ತರ್ಕ ಹಿಡಿದರೆ ಇಡ್ಲಿಯೂ ಬೆಂದ ಹಿಟ್ಟು, ಕೇಕೂ ಬೆಂದ ಹಿಟ್ಟು, ಆದ್ದರಿಂದ ಚಟ್ನಿಯ ಜೊತೆ ಕೇಕ್ ತಿನ್ನಿ ಎನ್ನಬೇಕಾದೀತು. ಬದಲಾದದ್ದೆಲ್ಲ ಒಂದೇ ತೂಕದ್ದಲ್ಲ. ಬೂಟಿಗೆ ಫೈಬರ್‌ಗ್ಲಾಸ್ ಬಂದರೂ ಕುಣಿಯುವವರು ಎದುರಿನವರನ್ನೇ ನೋಡುತ್ತಿದ್ದರು.

ಫೆಶ್‌ಗಳ ವಿಗ್ಗನ್ನು ನಾನು ಸಮರ್ಥಿಸುವುದಿಲ್ಲ. ಅದರ ಮೂಲವೂ ನನಗೆ ಗೊತ್ತು: ಅಂಕ ಕೊಡುವ ಪದ್ಧತಿ. ಪ್ರತಿ ತೀರ್ಪುಗಾರರ ಪಟ್ಟಿಯಲ್ಲಿ ಮೊದಲನೆಯವರಿಗೆ 100, ಎರಡನೆಯವರಿಗೆ 75, ಮೂರನೆಯವರಿಗೆ 65, ನಾಲ್ಕನೆಯವರಿಗೆ 60. ಒಬ್ಬ ತೀರ್ಪುಗಾರನ ಕಣ್ಣಿಗೆ ಮೊದಲು ಬಿದ್ದರೆ ಒಂದೇ ಏಟಿಗೆ 25 ಅಂಕ ಮುಂದೆ. ಒಂದೇ ಹಲಗೆಯ ಮೇಲೆ ಇಬ್ಬರು ಮೂವರನ್ನು ಒಟ್ಟಿಗೆ ಕುಣಿಸುವಾಗ ಕಣ್ಣಿಗೆ ಬೀಳಲು ಬಟ್ಟೆ ಮಿನುಗಲೇಬೇಕಾಯಿತು. ಅಲ್ಲಿಯೂ ಮುಖ ತಿರುಗಿದ್ದು ತೀರ್ಪುಗಾರನ ಮೇಜಿನತ್ತ. ವೇದಿಕೆ ಆ ತಿರುವನ್ನು ಪೂರ್ತಿಮಾಡಿತು, ಅಷ್ಟೆ.

ಶಾನ್‌-ನೋಸ್ ಹೆಸರು ಹೇಳಿ ತೋಳಿಗೆ ಸರ್ಟಿಫಿಕೇಟು ಕೊಟ್ಟದ್ದು ನನಗೆ ನಗು ತರಿಸಿತು. ಕಾನಮಾರಾದ ಕುಣಿತಗಾರನ ತೋಳು ಸಡಿಲವಾಗಿರುವುದು ಕೋಲಿನ ಮೇಲೆ ಒಣಹಾಕಿದ ಅಂಗಿಯ ತೋಳು ಗಾಳಿಗೆ ಆಡುವಂತೆ. ಯಾರಿಗೂ ಏನನ್ನೂ ತೋರಿಸುವುದಿಲ್ಲ. ಕಾಲು ನೆಲ ಬಿಟ್ಟು ಹೆಚ್ಚು ಮೇಲೇಳದು. ಹಿಮ್ಮಡಿಯಿಂದ, ಮೂತಿಯಿಂದ ನೆಲವನ್ನು ಬಡಿಯುವುದೇ ಮುಖ್ಯ. ಮುಂದಿನ ಬಡಿತ ಯಾವುದು ಎಂದು ಅವನು ಮೊದಲೇ ಗೊತ್ತುಮಾಡಿಕೊಂಡಿರುವುದಿಲ್ಲ, ವಾದ್ಯಗಾರ ಒಂದು ಸ್ವರವನ್ನು ಎಳೆದರೆ ಅಲ್ಲೊಂದು ಬಡಿತ ಕಡಿಮೆ ಮಾಡುತ್ತಾನೆ. ವೇದಿಕೆಯಲ್ಲಿ ಬಿಚ್ಚಿಕೊಂಡ ತೋಳು ಬ್ಯಾಲೆಯಿಂದ, ಸ್ಪೇನಿನ ಫ್ಲಮೆಂಕೊ ಕುಣಿತದಿಂದ ಬಂದದ್ದು. ‘ರಿವರ್‌ಡ್ಯಾನ್ಸ್’ನಲ್ಲಿಯೇ ಮರಿಯಾ ಪಾಖೆಸ್ ಅವರ ಫ್ಲಮೆಂಕೊ ಇತ್ತಲ್ಲ, ಮೂಲ ದೂರ ಹುಡುಕಬೇಕಿಲ್ಲ.

ನೃತ್ಯದ ಮೇಷ್ಟ್ರುಗಳ ಹೆಸರೂ ಬಂತು. ಬಂದದ್ದು ಒಳ್ಳೆಯದೇ ಆಯಿತು, ಅವರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 1776ರಿಂದ 1779ರವರೆಗೆ ಐರ್ಲೆಂಡು ಸುತ್ತಿದ ಇಂಗ್ಲಿಷ್ ಕೃಷಿ ಬರಹಗಾರ ಆರ್ಥರ್ ಯಂಗ್ ಬರೆದಿಟ್ಟಿದ್ದಾನೆ: ಬಡವರಲ್ಲಿ ಕುಣಿತ ಗುಡಿಸಲು ಗುಡಿಸಲಿಗೂ ಇದೆ, ಅವರದೇ ಅಂತಸ್ತಿನ ಮೇಷ್ಟ್ರುಗಳು ಒಬ್ಬ ಪೈಪ್ ವಾದಕನನ್ನೋ ಕುರುಡ ಪಿಟೀಲುಗಾರನನ್ನೋ ಕರೆದುಕೊಂಡು ಗುಡಿಸಲಿನಿಂದ ಗುಡಿಸಲಿಗೆ ಸುತ್ತುತ್ತಾರೆ, ಶುಲ್ಕ ಮೂರು ತಿಂಗಳಿಗೆ ಆರು ಪೆನ್ನಿ. ಮೇಷ್ಟ್ರು ಒಂದು ಊರಿಗೆ ಬಂದರೆ ಸುಮಾರು ಆರು ವಾರ ಇರುತ್ತಿದ್ದ. ಯಾವುದೋ ರೈತನ ಮನೆಯಲ್ಲಿ ಬಿಡಾರ. ಅವನನ್ನು ಇಟ್ಟುಕೊಳ್ಳುವುದು ಆ ಮನೆಗೆ ಗೌರವ. ಸುತ್ತಲಿನ ಮಕ್ಕಳು, ದೊಡ್ಡವರು ಸಂಜೆ ಅಲ್ಲಿಗೆ ಬರುತ್ತಿದ್ದರು. ಎಡ ಬಲ ಗೊತ್ತಿಲ್ಲದವರ ಒಂದು ಕಾಲಿಗೆ ಸೂಗಾನ್, ಅಂದರೆ ಹುಲ್ಲಿನ ಹಗ್ಗ, ಇನ್ನೊಂದಕ್ಕೆ ಗಡ್, ಅಂದರೆ ಹೊಸೆದ ವಿಲೋ ಕಡ್ಡಿ ಕಟ್ಟಿ, ‘ಹಗ್ಗದ ಕಾಲಲ್ಲಿ ಏಳು, ಕಡ್ಡಿಯ ಕಾಲಲ್ಲಿ ಕೂರು’ ಎಂದು ಜಿಗ್‌ನ ಮೊದಲ ಹೆಜ್ಜೆ ಕಲಿಸುತ್ತಿದ್ದರಂತೆ. ಒಬ್ಬನ ಸೀಮೆಗೆ ಇನ್ನೊಬ್ಬ ಕಾಲಿಡುತ್ತಿರಲಿಲ್ಲ; ಜಾತ್ರೆಯಲ್ಲಿ ಎದುರುಬದುರಾದರೆ ಕುಣಿದೇ ತೀರ್ಮಾನ. ಮೇಷ್ಟ್ರು ತನ್ನ ಒಳ್ಳೊಳ್ಳೆಯ ಹೆಜ್ಜೆಗಳನ್ನು ಎಲ್ಲರಿಗೂ ಕೊಡುತ್ತಿರಲಿಲ್ಲ, ಕಾಲಿನಲ್ಲಿ ಚುರುಕಿದ್ದ ಒಬ್ಬಿಬ್ಬರಿಗೆ ಮಾತ್ರ. ಅಂಥವರಿಗೆ ಕುಣಿಯಲು ಮೇಜಿನ ಮೇಲ್ಭಾಗ, ಕಿತ್ತು ಹಾಸಿದ ಬಾಗಿಲು. ಉಳಿದವರು ಬೇಸರಪಟ್ಟು ಬಿಟ್ಟುಹೋಗದಂತೆ ಅವರಿಗಾಗಿ ಗುಂಪು ಕುಣಿತಗಳನ್ನು ಕಟ್ಟಿದ. ಏಳು, ಮೂರು, ಕೈ ಹಿಡಿ, ಜಾಗ ಬದಲಿಸು. ಅಷ್ಟು ಬಂದರೆ ಸಾಕು, ಗೂನು ಬೆನ್ನಿನ ಅಜ್ಜಿಗೂ ಹತ್ತು ವರ್ಷದ ಹುಡುಗನಿಗೂ ಅದರಲ್ಲಿ ಜಾಗವಿದೆ.

ಇದನ್ನು ಇಷ್ಟು ಉದ್ದ ಹೇಳಿದ್ದು ಯಾಕೆಂದರೆ, ವೇದಿಕೆಯ ಸಾಲಿನಲ್ಲಿ ಆ ಅಜ್ಜಿ ಇಲ್ಲ. ಸಾಲಿಗೆ ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ತೊಡೆಯ ಬಲ ಬೇಕು. ವಾರಕ್ಕೆ ಎಂಟು ಪ್ರದರ್ಶನ ಕುಣಿದಾಗ ಪಾದದ ಉದ್ದಮೂಳೆಗಳಲ್ಲಿ ಕೂದಲೆಳೆಯ ಬಿರುಕು, ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಊತ. ಹಾಗಾಗಿ ಪ್ರದರ್ಶನದ ಮಂಡಳಿಗಳು ಅದುರನ್ನು ನುಂಗುವ ತಮ್ಮದೇ ನೆಲವನ್ನು ಊರಿಂದೂರಿಗೆ ಹೊತ್ತೊಯ್ಯುತ್ತವೆ. ಒಪ್ಪತಕ್ಕ ಎಚ್ಚರಿಕೆ. ಫೆಶ್‌ಗಳಲ್ಲಿ ಕಾಂಕ್ರೀಟ್ ಮೇಲೆ ಪ್ಲೈವುಡ್ ಹಾಳೆ ಹಾಸಿ, ಎರಡು ಹಾಳೆಯ ಸಂದಿಗೆ ಬೂಟಿನ ಮೂತಿ ಸಿಕ್ಕಿ ಮಕ್ಕಳು ಮುಗ್ಗರಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಇದು ಕ್ರೀಡಾಪಟುವಿನ ಬದುಕು, ಸಂಜೆ ನೆರೆಮನೆಗೆ ಹರಟಲು ಹೋದವರ ಬದುಕಲ್ಲ. ಕೇಲಿ ಎಂಬ ಶಬ್ದಕ್ಕೆ ಮೂಲದಲ್ಲಿ ಅರ್ಥ ಅದೇ, ಸಂಜೆ ನೆರೆಮನೆಗೆ ಹೋಗುವುದು.

ಧ್ವನಿಮುದ್ರಿಸಿದ ಬೂಟಿನ ಸದ್ದಿನ ಬಗ್ಗೆ ಎದುರು ಬರಹವೇ ಒಪ್ಪಿಕೊಂಡಿದೆ, ನಾನು ಹೆಚ್ಚು ಹೇಳಬೇಕಿಲ್ಲ. ಮಿಲಿಸೆಕೆಂಡಿನ ಲೆಕ್ಕ ಸರಿಯೇ ಇದೆ. ಅದರಿಂದ ಹೊರಡುವ ತೀರ್ಮಾನ ಮಾತ್ರ ಅವರು ಬರೆದದ್ದಲ್ಲ. ಹದಿನೈದು ಮೀಟರ್ ಹರಡಿಕೊಂಡ ಮೂವತ್ತು ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಕುಣಿಯಲಾಗದು ಎಂದಾದರೆ, ಗಟ್ಟಿ ಬೂಟಿಗೆ ಅಷ್ಟು ದೊಡ್ಡ ಸಾಲು ಒಗ್ಗದು ಎಂದೇ ಅರ್ಥ. ಗಟ್ಟಿ ಬೂಟು ಕಾಲಿಗೆ ಕಟ್ಟಿದ ವಾದ್ಯ. ಒಂದು ಪಿಟೀಲಿಗೆ ಎರಡು ಕಾಲು ಸಾಕು. 1998ರಲ್ಲಿ ಫ್ಲ್ಯಾಟ್ಲಿ ಸೆಕೆಂಡಿಗೆ 35 ಏಟು ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ಏಟನ್ನು ಬಿಡಿಸಿ ಕೇಳುವ ಕಿವಿ ಯಾರಿಗಿದೆಯೋ ತಿಳಿಯದು. ಹಳೆಯ ವೇಗದ ಟ್ರೆಬಲ್ ಜಿಗ್‌ಗೆ ನಿಮಿಷಕ್ಕೆ 92 ತಟ್ಟು; ಎಂಟು ಬಾರ್ ಹತ್ತೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಹೆಚ್ಚು ಏಟು ತುರುಕಲೆಂದು ಅದನ್ನು 73ಕ್ಕೆ ಇಳಿಸಿ, ಅದೇ ಎಂಟು ಬಾರ್‌ಗೆ ಹದಿಮೂರು ಸೆಕೆಂಡು ಮಾಡಿಕೊಂಡದ್ದು ದೊಡ್ಡ ಸ್ಪರ್ಧೆಗಳ ಕೆಲಸ. ನಿಧಾನವಾದಾಗ ಜಿಗ್‌ನ ತಕಿಟದ ನೆಗೆತವೇ ಹೋಗಿ, ಪಿಟೀಲುಗಾರ ಸ್ವರಗಳ ನಡುವೆ ಕಾದು ಕೂರಬೇಕಾಗುತ್ತದೆ. ವೇದಿಕೆಯವರು ಎತ್ತಿಕೊಂಡದ್ದೂ ಈ ತುರುಕುವ ಚಾಳಿಯನ್ನೇ.

‘ರಿವರ್‌ಡ್ಯಾನ್ಸ್’ನಲ್ಲಿ ಜೀವಂತ ವಾದ್ಯಗಾರರಿದ್ದಾರೆ ಎಂದು ಯಾರಾದರೂ ಹೇಳಬಹುದು. ಇದ್ದಾರೆ. ಅವರು ವೇಗ ಬದಲಿಸುವಂತಿಲ್ಲ, ಒಂದು ಸುತ್ತು ಹೆಚ್ಚು ನುಡಿಸುವಂತಿಲ್ಲ. ಬೆಳಕಿನವನ ಗುಂಡಿಗಳು ಬಾರ್‌ಗಳ ಲೆಕ್ಕದಲ್ಲೇ ಕೂತಿರುತ್ತವೆ. ಅಡುಗೆಕೋಣೆಯ ಕಲ್ಲುನೆಲದ ಮೇಲೆ ಹಾಸಿದ ಬಾಗಿಲು ಸುಮಾರು ಆರಡಿ ಉದ್ದ, ಎರಡೂವರೆ ಅಡಿ ಅಗಲ. ಅದರ ಮೇಲೆ ನಿಂತವನು ಮುಖ ಮಾಡುವುದು ಪಿಟೀಲಿನ ಕಡೆಗೆ. ಪಿಟೀಲುಗಾರ ಅವನ ಕಾಲು ನೋಡುತ್ತ ಎರಡು ಸುತ್ತು ಒಂದು ರೀಲ್ ನುಡಿಸಿ, ಹೇಳದೆ ಕೇಳದೆ ಇನ್ನೊಂದು ರೀಲ್‌ಗೆ ಜಾರುತ್ತಾನೆ. ಕುಣಿಯುವವನು ಅರ್ಧ ಬಾರ್ ಕಾಲು ತಡೆದು, ಹೊಸ ರಾಗ ಯಾವುದೆಂದು ಕೇಳಿಸಿಕೊಂಡು, ಎಡಗಾಲಿನಿಂದ ಮತ್ತೆ ಶುರುಮಾಡುತ್ತಾನೆ.